ಎಳೆಯುವ ಗಾಡಿ, ನಿಲ್ಲುವ ಗಾಡಿ

ಖಾನಾಪುರದಲ್ಲಿರುವ ನನ್ನ ಅಕ್ಕನ ಮಗ ಫೋನು ಮಾಡಿದನೆಂದರೆ ಎರಡೇ ಕಾರಣ. ಒಂದೋ ಮಗಳ ಗಣಿತ, ಇಲ್ಲವೇ ಅವನ ಜನರೇಟರು. ಈ ಸಲ ಎರಡೂ ಒಟ್ಟಿಗೇ ಬಂದವು. "ಮಾಮಾ, ಒಂದು ಹಳೇ ಗಾಡಿ ತಗೋಬೇಕಂತ ಮಾಡೀನಿ. ದಿನಾ ಹುಡುಗೀನ ಬೆಳಗಾವಿ ಸಾಲಿಗೆ ಬಿಡಬೇಕು. ಲಗ್ನದ ಸೀಜನ್‌ದಾಗ ಜನರೇಟರ್ ಟ್ರಾಲಿ ಎಳಿಬೇಕು. ನೀವು ಸೈನ್ಸ್ ಮಾಸ್ತರು, ಬಂದು ನೋಡ್ರಿ" ಎಂದ. ವಿಜ್ಞಾನ ಕಲಿಸುವವನಿಗೆ ಮಿಕ್ಸರ್ ರಿಪೇರಿಯಿಂದ ಹಿಡಿದು ಬಾವಿಯ ನೀರಿನ ಸೆಲೆಯವರೆಗೆ ಎಲ್ಲ ಗೊತ್ತಿರುತ್ತದೆ ಎಂಬುದು ನಮ್ಮ ಮನೆತನದ ಹಳೆಯ ನಂಬಿಕೆ. ಮೂವತ್ತು ವರ್ಷದಿಂದ ಅದನ್ನು ಸುಳ್ಳು ಮಾಡಲು ನನಗೂ ಮನಸ್ಸಾಗಿಲ್ಲ.

ಅವನದು ಪೆಂಡಾಲು, ಮೈಕ್ ಸೆಟ್ಟು, ಜನರೇಟರಿನ ವ್ಯವಹಾರ. ತುಳಸಿ ಲಗ್ನ ಮುಗಿಯುತ್ತಲೇ ಸುಗ್ಗಿ ಶುರು. ವರ್ಷಕ್ಕೆ ಇಪ್ಪತ್ತೈದು ಮೂವತ್ತು ದಿನ ಆ ಎರಡು ಗಾಲಿಯ ಟ್ರಾಲಿ ಹಳ್ಳಿ ಹಳ್ಳಿ ಸುತ್ತಬೇಕು. ಮಿಕ್ಕ ದಿನಗಳಲ್ಲಿ ಗಾಡಿಯ ಕೆಲಸ ಒಂದೇ: ಒಂಬತ್ತನೆಯ ತರಗತಿಯ ಹುಡುಗಿಯನ್ನು ಬೆಳಗಾವಿಗೆ ಒಯ್ಯುವುದು, ತರುವುದು. ಖಾನಾಪುರದಿಂದ ಬೆಳಗಾವಿ ಇಪ್ಪತ್ತಾರು ಕಿಲೋಮೀಟರು. ಅಂದರೆ ದಿನಕ್ಕೆ ಐವತ್ತೆರಡು. ಹಣವೆಲ್ಲಿಯದು ಎಂದು ಕೇಳಿದೆ. ಸ್ವಲ್ಪ ತಡೆದು, "ಹುಡುಗೀ ಹೆಸರಿನ ಠೇವಣಿ ಈ ತಿಂಗಳು ಮುಗೀತೈತ್ರಿ" ಎಂದ. ಪಿಯುಸಿಗೆಂದು ಎಂಟು ವರ್ಷದಿಂದ ಇಟ್ಟ ಹಣ ಅದು. ನಾನು ಮರುದಿನದ ರವಿವಾರವೇ ಬರಲು ಹೇಳಿದೆ.

ಇನ್ನೊಂದು ಸಂಗತಿಯೂ ನನ್ನ ತಲೆಯಲ್ಲಿತ್ತು. ಹೋದ ವರ್ಷ ಮೇ ತಿಂಗಳಲ್ಲಿ ಜಾಂಬೋಟಿ ರಸ್ತೆಯ ಇಳಿಜಾರಿನಲ್ಲಿ, ಬಾಡಿಗೆ ಜೀಪಿನ ಹಿಂದೆ ಹೊರಟಿದ್ದ ಇದೇ ಟ್ರಾಲಿ ನಾಯಿ ಬಾಲ ಆಡಿಸಿದಂತೆ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿತು. ಜೀಪಿನವನು ಹೆದರಿ ಬ್ರೇಕು ಒತ್ತಿದ. ಹುಕ್ಕು ಕಿತ್ತು, ಟ್ರಾಲಿ ತನ್ನ ಪಾಡಿಗೆ ತಾನು ರಸ್ತೆ ದಾಟಿ ಗದ್ದೆಗಿಳಿಯಿತು. ಎದುರಿಗೆ ಯಾರೂ ಬರುತ್ತಿರಲಿಲ್ಲ. ಎರಡು ನಿಮಿಷದ ಹಿಂದೆ ಒಂದು ಬಸ್ಸು ದಾಟಿ ಹೋಗಿತ್ತಂತೆ. ಅಕ್ಕ ಈಗಲೂ ಆ ಮಾತು ಬಂದರೆ ದೇವರ ಕೋಣೆಯ ಕಡೆ ನೋಡುತ್ತಾಳೆ.

ರವಿವಾರ ಬೆಳಗ್ಗೆ ತಂದೆ ಮಗಳು ಇಬ್ಬರೂ ಟಿಳಕವಾಡಿಯ ನಮ್ಮ ಮನೆಗೆ ಬಂದರು. ಹುಡುಗಿ ನನ್ನನ್ನು ಅಜ್ಜಾ ಎನ್ನುತ್ತಾಳೆ. ಐವತ್ತಾರಕ್ಕೇ ಅಜ್ಜನಾದ ದುಃಖ ನನ್ನದು. ಕೈಯಲ್ಲಿ ಒಂದು ನೋಟುಬುಕ್ಕು ತಂದಿದ್ದಳು. ನೋಡಿದ ಗಾಡಿಗಳ ವಿವರ ಬರೆದುಕೊಳ್ಳುವ ಹೊಣೆ ಅವಳದು.

ಬೆಳಗಾವಿಯಲ್ಲಿ ಗಾಲಿಗಳ ವ್ಯಾಪಾರ ಹೊಸದಲ್ಲ. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮಾಸ್ತರಿಕೆ ಮಾಡುತ್ತಲೇ ಈ ಊರಿನಲ್ಲಿ ಸೈಕಲ್ ಅಂಗಡಿ ತೆರೆಸಿದರು. ಅದು 1888ರ ಮಾತು. ಸೈಕಲ್ಲಿನಿಂದ ಮೇವು ಕತ್ತರಿಸುವ ಯಂತ್ರ, ಅಲ್ಲಿಂದ ಕಬ್ಬಿಣದ ನೇಗಿಲು. 1910ರಲ್ಲಿ ಕಾರಖಾನೆ ಔಂಧ ಸಂಸ್ಥಾನದ ಬರಡು ನೆಲಕ್ಕೆ ಹೋಯಿತು, ಅದೇ ಇಂದಿನ ಕಿರ್ಲೋಸ್ಕರವಾಡಿ. ಅದೇ ಮನೆತನದ ಹೆಸರು 1997ರಲ್ಲಿ ಟೊಯೋಟಾ ಜೊತೆ ಸೇರಿ ಬಿಡದಿಗೆ ಬಂದಿತು. 2000ದಲ್ಲಿ ಅಲ್ಲಿಂದ ಕ್ವಾಲಿಸ್ ಹೊರಟಿತು. ಊರಿನಲ್ಲಿ ಈಗ ಉಳಿದಿರುವುದು ಕಿರ್ಲೋಸ್ಕರ ರಸ್ತೆ. ಆ ರಸ್ತೆಯಲ್ಲಿ ದಿನಾ ಓಡಾಡುವ ನಮ್ಮ ವಿದ್ಯಾರ್ಥಿಗಳಿಗೆ ಅದು ಒಬ್ಬ ಮಾಸ್ತರನ ಹೆಸರೆಂದು ಹೇಳಿದರೆ ನಂಬುವುದಿಲ್ಲ.

ಮೊದಲು ನೋಡಿದ್ದು ಒಂದು ಕಪ್ಪು ಸ್ಕಾರ್ಪಿಯೊ. ಹಳೆಯ ಗಾಡಿ ಮಾರುವವರ ಅಂಗಳದಲ್ಲಿ ಹಾರ ಹಾಕದ ಮದುವಣಿಗನಂತೆ ನಿಂತಿತ್ತು. 2179 ಸಿ.ಸಿ. ಎಂಜಿನ್ನು, ನೂರಿಪ್ಪತ್ತು ಕುದುರೆಯ ಶಕ್ತಿ. ಅಕ್ಕನ ಮಗ ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕಿದ. ಬೆಲೆ ಮಾತ್ರ ಅನುಮಾನ ಬರುವಷ್ಟು ಕಡಿಮೆ. ಕಾಗದ ಕೇಳಿದಾಗ ಕಾರಣ ತಿಳಿಯಿತು, ಗಾಡಿ ದೆಹಲಿಯದು. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ದೆಹಲಿ ಸೀಮೆಯಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, ಸುಪ್ರೀಂ ಕೋರ್ಟು 2018ರಲ್ಲಿ ಅದನ್ನು ಎತ್ತಿ ಹಿಡಿಯಿತು. ಅಂದಿನಿಂದ ಅಲ್ಲಿಯ ಹಳೆಯ ಡೀಸೆಲ್ ಗಾಡಿಗಳು ದಕ್ಷಿಣದ ದಾರಿ ಹಿಡಿದಿವೆ. ಗಾಡಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ಆದರೆ ಅಲ್ಲಿಯ ಆರ್.ಟಿ.ಓ. ನಿರಾಕ್ಷೇಪಣಾ ಪತ್ರ ಬೇಕು, ಹನ್ನೆರಡು ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಹೊಸ ನಂಬರು ಪಡೆಯಬೇಕು, ಕರ್ನಾಟಕದ ತೆರಿಗೆ ತುಂಬಬೇಕು. ಅದನ್ನೆಲ್ಲ ಕೂಡಿಸಿದಾಗ ಅಗ್ಗ ಎಂಬುದು ಅಲ್ಲಿಗೇ ಕರಗಿತು. ಹದಿನೈದು ವರ್ಷಕ್ಕೆ ನೋಂದಣಿ ಮುಗಿಯುತ್ತದೆ, ಆಮೇಲೆ ಫಿಟ್‌ನೆಸ್ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ಗಾಡಿಗೆ ಆ ದಿನ ದೂರವಿರಲಿಲ್ಲ. ಹುಡುಗಿ ನೋಟುಬುಕ್ಕಿನಲ್ಲಿ ಕೂಡಿಸಿ, ಅಡ್ಡಗೆರೆ ಎಳೆದಳು.

ಎರಡನೆಯದು ಉದ್ಯಮಬಾಗದಲ್ಲಿ. ಎರಕದ ಕಾರಖಾನೆಗಳ, ಲೇಥುಗಳ ಆ ಪೇಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಿಸ್ತ್ರಿಯಾಗಿದ್ದಾನೆ. ವಿಜ್ಞಾನದಲ್ಲಿ ಮೂವತ್ತೈದಕ್ಕೆ ಪಾಸಾದವನು, ಈಗ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾನೆ. ಅವನ ಪಕ್ಕದ ಶೆಡ್ಡಿನಲ್ಲಿ ಮಾರಾಟಕ್ಕೆ ನಿಂತಿದ್ದು ಟಾಟಾ ಸಫಾರಿ ಸ್ಟಾರ್ಮ್. ನೋಡಲು ಆನೆ. 2017ರಲ್ಲಿ ಸೇನೆ ಇಂಥವೇ 3192 ಗಾಡಿಗಳಿಗೆ ಬೇಡಿಕೆ ಕೊಟ್ಟಿತ್ತು. ದಂಡು ಪ್ರದೇಶವಿರುವ ನಮ್ಮ ಊರಿಗೆ ಇದರ ಗುರುತು ಚೆನ್ನಾಗಿದೆ. ಬಾಗಿಲು ತೆರೆದರೆ ಘಮ್ಮೆಂದು ಮಲ್ಲಿಗೆ ಸೆಂಟಿನ ವಾಸನೆ. ಮಿಸ್ತ್ರಿ ಮಾತಾಡಲಿಲ್ಲ. ಡ್ರೈವರನ ಬೆಲ್ಟನ್ನು ಕೊನೆಯವರೆಗೂ ಎಳೆದ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ, ಒಂದು ಗೇಣಿನ ಮೇಲೆ, ಮಣ್ಣಿನ ಬಣ್ಣದ ಅಡ್ಡ ಗೆರೆ! ಸೀಟಿನ ಕೆಳಗಿನ ಸ್ಕ್ರೂಗಳೆಲ್ಲ ತುಕ್ಕು. "ಇದು ಈಜು ಕಲತ ಗಾಡಿ ಸರ್" ಎಂದ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕೊಲ್ಲಾಪುರ, ಸಾಂಗ್ಲಿ ಸೀಮೆ ಮುಳುಗಿತ್ತು. ನೀರು ಕುಡಿದ ಗಾಡಿ ಹೊರಗೆ ಒಣಗುತ್ತದೆ, ವೈರುಗಳ ಕೂಡಿಕೆಯಲ್ಲಿ ಒಣಗುವುದಿಲ್ಲ. ವರ್ಷ ಎರಡು ವರ್ಷ ಬಿಟ್ಟು, ರಾತ್ರಿ ಹೊತ್ತು ದೀಪ ಆರುವುದರಿಂದ ಅದರ ಕಥೆ ತೊಡಗುತ್ತದೆ. ಬೆಲ್ಟು ಎಳೆದು ನೋಡಲು ದುಡ್ಡೇನೂ ಬೇಕಿಲ್ಲ. ನಮ್ಮದು ಗಡಿ ಊರು, ಮೂರು ರಾಜ್ಯದ ಗಾಡಿಗಳು ಇಲ್ಲಿ ಕೈ ಬದಲಿಸುತ್ತವೆ. ಗೋವೆಯ ಸಮುದ್ರ ದಂಡೆಯಲ್ಲಿ ಉಪ್ಪುಗಾಳಿ ತಿಂದವುಗಳನ್ನೂ ಅಡಿಗೆ ಬಗ್ಗಿ ನೋಡದೆ ಕೊಳ್ಳಬಾರದು.

ಮಿಸ್ತ್ರಿಯನ್ನೂ ಹತ್ತಿಸಿಕೊಂಡು ಖಾನಾಪುರದ ಕಡೆ ಹೊರಟೆವು. ಪೀರನವಾಡಿಯಲ್ಲಿ ದಾರಿ ಕವಲೊಡೆಯುತ್ತದೆ. ಬಲಕ್ಕೆ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟು. ನೇರಕ್ಕೆ ಮಚ್ಛೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ದೇಸೂರ, ಗಣೇಬೈಲಿನ ಟೋಲು. ಮೊದಲು ಇದು 4ಎ ಹೆದ್ದಾರಿ, ಈಗ 748. ರಸ್ತೆ ಅಗಲವಾದ ಮೇಲೆ ಎಲ್ಲರಿಗೂ ಅವಸರ. ಒಂದು ಕಾಲದಲ್ಲಿ ಈ ದಾರಿಯಲ್ಲಿ ಮರದ ನೆರಳಿತ್ತು, ಎತ್ತಿನ ಗಾಡಿ ಇತ್ತು, ಬಸ್ಸಿನ ಕಿಟಕಿಯಿಂದ ಕೈ ಚಾಚಿದರೆ ಎಲೆ ಸಿಗುತ್ತಿತ್ತು. ಈಗ ಎಡಬಲದಲ್ಲಿ ಬೇಲಿ. ಆದರೂ ದೇಸೂರು ದಾಟಿದ ಮೇಲೆ ಗಾಳಿ ತಂಪಾಗುವುದು, ಮಣ್ಣು ಕೆಂಪೇರುವುದು ಬದಲಾಗಿಲ್ಲ.

ದಾರಿಯಲ್ಲಿ ಅಕ್ಕನ ಮಗ ಮತ್ತೆ ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಮಾಮಾ, ಯಾವ ಗಾಡಿ ಚಲೋ ಎಳೀತೈತಿ?" ನಾನು ಹುಡುಗಿಯ ನೋಟುಬುಕ್ಕು ಇಸಿದುಕೊಂಡು ಲೆಕ್ಕ ಹಾಕಲು ಹೇಳಿದೆ. ಜನರಿರುವ ಗಾಡಿ 1700 ಕಿಲೋ, ಟ್ರಾಲಿ 900, ಒಟ್ಟು 2600. ವೇಗ ಗಂಟೆಗೆ 40 ಕಿಲೋಮೀಟರು, ಅಂದರೆ ಸೆಕೆಂಡಿಗೆ ಸುಮಾರು 11 ಮೀಟರು. ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಚಲನ ಶಕ್ತಿ. ಹೆಚ್ಚು ಕಡಿಮೆ 1 ಲಕ್ಷ 60 ಸಾವಿರ ಜೌಲು ಬಂತು. "ಇನ್ನು 60ಕ್ಕೆ ಮಾಡು" ಎಂದೆ. 3 ಲಕ್ಷ 60 ಸಾವಿರ. ಹುಡುಗಿ ತಲೆ ಎತ್ತಿ, "ವೇಗ ಒಂದೂವರೆ ಪಟ್ಟಷ್ಟ ಆಗೇದ ಅಜ್ಜಾ, ಇದು ಎರಡೂ ಕಾಲು ಪಟ್ಟು!" ಎಂದಳು. ಪಾಠದ ಪುಸ್ತಕದಲ್ಲಿ ಇದೇ ಸೂತ್ರವನ್ನು ಅವಳು ಹತ್ತು ಸಲ ಬಾಯಿಪಾಠ ಮಾಡಿದ್ದಳು. ಅದರ ಅರ್ಥ ಅಂದು ಗಣೇಬೈಲಿನ ಟೋಲಿನಲ್ಲಿ ಸಾಲು ಹಚ್ಚಿದಾಗ ತಿಳಿಯಿತು.

ಈ ಶಕ್ತಿ ನಿಲ್ಲುವಾಗ ಎಲ್ಲಿಗೆ ಹೋಗಬೇಕು? ಶಾಖವಾಗಿ ಬ್ರೇಕಿಗೇ ಹೋಗಬೇಕು. ಟ್ರಾಲಿಗೆ ಬ್ರೇಕಿಲ್ಲ. ಹಾಗಾಗಿ ಅದರ ಪಾಲೂ ಗಾಡಿಯ ನಾಲ್ಕು ಗಾಲಿಗಳ ಮೇಲೆ. 60ರಲ್ಲಿ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖ ಒಂದು ಲೀಟರು ತಣ್ಣೀರನ್ನು ಕುದಿಸಲು ಸಾಕು. ಇಳಿಜಾರಿನ ಮಾತು ಬೇರೆ. ಇದೇ ಭಾರ ನೂರು ಮೀಟರು ಎತ್ತರದಿಂದ ಕೆಳಗಿಳಿದರೆ 25 ಲಕ್ಷ ಜೌಲು, ಎಂಟು ಲೀಟರಿನ ಹಂಡೆ ಕುದಿಯಬೇಕು. ಅದಕ್ಕೇ ಹಳೆಯ ಲಾರಿ ಡ್ರೈವರುಗಳು ಹತ್ತುವ ಗೇರಿನಲ್ಲೇ ಇಳಿಯುತ್ತಿದ್ದರು, ಬ್ರೇಕಿನ ಅರ್ಧ ಕೆಲಸವನ್ನು ಎಂಜಿನ್ನಿಗೆ ಹೊರಿಸುತ್ತಿದ್ದರು. "ಎಳಿಯೂದು ಎತ್ತೂ ಎಳೀತೈತಿ ಅಣ್ಣಾ" ಎಂದ ಮಿಸ್ತ್ರಿ, "ನಿಲ್ಲೂದು ಕೇಳ್ರಿ."

ಖಾನಾಪುರದ ಮಣ್ಣಿನ ಬಗ್ಗೆ ಒಂದು ಮಾತು ಹೇಳಬೇಕು. ಈ ಊರಿನ ಹಂಚು, ಇಟ್ಟಿಗೆ, ಗಡಿಗೆಗಳಿಗೆ ಹೆಸರಿದೆ. ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದೂ ಇಲ್ಲೇ. ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆ ಊರಿನ ಮಗ್ಗುಲಲ್ಲಿ ಹರಿಯುತ್ತಾಳೆ. ಮಳೆಗಾಲದಲ್ಲಿ ತಾಲೂಕಿನ ಪಶ್ಚಿಮದ ಸೆರಗಿನಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಗಡಿಗೆಗೆ ಒಳ್ಳೆಯದಾದ ಈ ಅಂಟುಮಣ್ಣು ಗಾಡಿಗೆ ಕೆಟ್ಟದ್ದು. ಅಡಿಯಲ್ಲಿ ಮೆತ್ತಿಕೊಂಡು, ಒದ್ದೆ ಬಟ್ಟೆಯಂತೆ ನೀರು ಹಿಡಿದು, ನಾಲ್ಕು ತಿಂಗಳು ಕಬ್ಬಿಣವನ್ನು ತಿನ್ನುತ್ತದೆ.

ಇದನ್ನು ಮೂರನೆಯ ಗಾಡಿಯಲ್ಲಿ ಕಣ್ಣಾರೆ ಕಂಡೆವು. ಇಟ್ಟಿಗೆ ಭಟ್ಟಿಯ ಮಾಲಕರೊಬ್ಬರ 2015ರ ಬೊಲೆರೊ. ಕೆಎ-22 ನಂಬರು, ಒಬ್ಬರೇ ಮಾಲಕರು, 2523 ಸಿ.ಸಿ.ಯ ಹಳೆಯ ದೊಡ್ಡ ಎಂಜಿನ್ನು. ಅಕ್ಕನ ಮಗನ ಮುಖ ಅರಳಿತು. ಇಂಥ ಗಾಡಿಗಳ ಅಡಿಯಲ್ಲಿ ಉದ್ದಕ್ಕೆ ಎರಡು ತೊಲೆ, ನಡುವೆ ಅಡ್ಡಪಟ್ಟಿಗಳು. ಏಣಿಯನ್ನು ಮಲಗಿಸಿದಂತೆ. ಎಳೆಯುವ ಜಗ್ಗು ನೇರ ಆ ಏಣಿಗೆ ಬೀಳುತ್ತದೆ, ಮೈ ತಗಡಿಗಲ್ಲ. ಎಂಜಿನ್ನಿನ ಬಲ ಹಿಂದಿನ ಗಾಲಿಗಳಿಗೆ ಹೋಗುತ್ತದೆ, ಟ್ರಾಲಿಯ ಮೂಗು ಒತ್ತುವುದೂ ಅದೇ ಗಾಲಿಗಳನ್ನು. ಆದ್ದರಿಂದ ಏರಿನಲ್ಲಿ ಹಿಡಿತ ತಪ್ಪುವುದಿಲ್ಲ. ಈಗ ಪೇಟೆಯಲ್ಲಿ ಎಸ್.ಯು.ವಿ. ಎಂದು ಕರೆಸಿಕೊಳ್ಳುವ ಎಷ್ಟೋ ಚೆಂದದ ಗಾಡಿಗಳಲ್ಲಿ ಏಣಿಯೂ ಇಲ್ಲ, ಎಳೆಯುವುದು ಮುಂದಿನ ಗಾಲಿ. ಅವು ಸಂಸಾರಕ್ಕೆ ಸರಿ, ಟ್ರಾಲಿಗಲ್ಲ. 1994ರಿಂದ 2019ರವರೆಗೆ ಬಂದ ಟಾಟಾ ಸುಮೊ, ಬೊಲೆರೊ, ಸ್ಕಾರ್ಪಿಯೊ, ಹಳೆಯ ಸಫಾರಿ ಇವೆಲ್ಲ ಏಣಿಯ ವಂಶದವು. (ಸುಮೊ ಎಂದರೆ ಜಪಾನಿನ ಪೈಲವಾನನಲ್ಲ, ಟಾಟಾ ಕಂಪನಿಯ ಸುಮಂತ ಮೂಳಗಾಂವಕರರ ಹೆಸರಿನ ತುಂಡುಗಳು.)

ಮಿಸ್ತ್ರಿ ಗೋಣಿಚೀಲ ಹಾಸಿ ಅಡಿಗೆ ನುಸುಳಿದ. ಐದು ನಿಮಿಷ ಕಾಲು ಮಾತ್ರ ಕಾಣುತ್ತಿತ್ತು. ನನ್ನನ್ನೂ ಕರೆದ. ಈ ವಯಸ್ಸಿನಲ್ಲಿ ನುಸುಳುವುದು ಸುಲಭ, ಹೊರಬರುವುದು ಕಷ್ಟ. ಹಿಂದಿನ ಅಡ್ಡಪಟ್ಟಿಯಲ್ಲಿ ಹುಕ್ಕು ಕೂಡಿಸಿದ ಜಾಗದಲ್ಲಿ ವೆಲ್ಡಿಂಗಿನ ಮೇಲೆ ವೆಲ್ಡಿಂಗು, ಅದರ ಮೇಲೆ ಹೊಸ ಕಪ್ಪು ಬಣ್ಣ. ಮಿಸ್ತ್ರಿ ಸ್ಕ್ರೂಡ್ರೈವರಿನಿಂದ ಚುಚ್ಚಿದ. ತುಕ್ಕು ಹಪ್ಪಳದಂತೆ ಉದುರಿತು. ಹಿಂದಿನ ಪಾಟಾಗಳು ಸೋತು ಚಪ್ಪಟೆಯಾಗಿದ್ದವು. ಇಟ್ಟಿಗೆ ಟ್ರಾಲಿ ಎಳೆದೂ ಎಳೆದೂ ಬೆನ್ನು ಮುರಿದುಕೊಂಡ ಗಾಡಿ. ಮೂರನೆಯ ಗೇರಿನಲ್ಲಿ ಏರು ಹತ್ತಿಸಿದಾಗ ಎಂಜಿನ್ನಿನ ಕೂಗು ಏರಿತು, ವೇಗ ಏರಲಿಲ್ಲ. ಕ್ಲಚ್ಚು ಜಾರುತ್ತಿದೆ ಎಂದರ್ಥ. ಕ್ಲಚ್ಚು ಬದಲಿಸಬಹುದು, ಏಣಿ ಬದಲಿಸಲಾಗದು. ಮಾಲಕರು ಚಹಾ ಕೊಟ್ಟು ಕಳಿಸಿದರು. ಒಳ್ಳೆಯ ಮನುಷ್ಯರು. ಗಾಡಿಯನ್ನು ದುಡಿಸಿದ್ದರು, ಅದರಲ್ಲಿ ಮೋಸವೇನಿಲ್ಲ.

ನಾಲ್ಕನೆಯದು ನಂದಗಡದಲ್ಲಿ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು, ಅವನ ಸಮಾಧಿಗೆ ಕೈಮುಗಿದೇ ಮುಂದೆ ಹೋದೆವು. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರ ಬೊಲೆರೊ, 2019ರ ನವೆಂಬರಿನಲ್ಲಿ ನೋಂದಣಿಯಾದದ್ದು. ಎಂಜಿನ್ನು 1493 ಸಿ.ಸಿ. ಮಾತ್ರ. ಅಕ್ಕನ ಮಗ ಬಾನೆಟ್ಟು ಎತ್ತಿ ನೋಡಿ, "ಇದು ಸಣ್ಣದಾತಲ್ರಿ ಮಾಮಾ. ಮ್ಯಾಲ ಒಂದು ಲಕ್ಷ ಜಾಸ್ತಿನೂ ಕೇಳ್ತಾರ" ಎಂದು ಮುಖ ಸಣ್ಣದು ಮಾಡಿದ.

ನನಗೆ ಬೇಕಾಗಿದ್ದು ಆ ತಾರೀಖು. 2019ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಎ.ಬಿ.ಎಸ್. ಬ್ರೇಕು ಕಡ್ಡಾಯವಾಯಿತು, ಜುಲೈಯಿಂದ ಡ್ರೈವರನಿಗೆ ಗಾಳಿಚೀಲ. ಸಾಮಾನ್ಯ ಬ್ರೇಕನ್ನು ಗಾಬರಿಯಲ್ಲಿ ಒತ್ತಿದರೆ ಗಾಲಿ ಹಿಡಿದುಕೊಂಡು ಜಾರುತ್ತದೆ. ಜಾರುವ ಗಾಲಿ ಸ್ಟೀರಿಂಗಿನ ಮಾತು ಕೇಳುವುದಿಲ್ಲ. ಎ.ಬಿ.ಎಸ್. ಸೆಕೆಂಡಿಗೆ ಹಲವು ಸಲ ಬ್ರೇಕನ್ನು ಬಿಟ್ಟು ಹಿಡಿದು ಗಾಲಿ ಉರುಳುತ್ತಲೇ ಇರುವಂತೆ ನೋಡಿಕೊಳ್ಳುತ್ತದೆ. ಜೂನಿನ ಮಳೆಯಲ್ಲಿ, ಮಚ್ಛೆಯ ಹತ್ತಿರ ನಾಯಿ ಅಡ್ಡ ಬಂದಾಗ, ಒಳಗೆ ಶಾಲೆಗೆ ಹೊರಟ ಮಗು ಇರುವಾಗ ಒಂದು ಸಾವಿರ ಸಿ.ಸಿ. ಹೆಚ್ಚಿಗೆ ಇದ್ದು ಮಾಡುವುದೇನು? ಹೀಗೆಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೆಂದು ಕಾಣುತ್ತದೆ. ಅಕ್ಕನ ಮಗ ಸುಮ್ಮನಾದ. ಹುಡುಗಿ ಕಿಟಕಿಯ ಹೊರಗೆ ನೋಡತೊಡಗಿದಳು.

ಗಾಡಿಯನ್ನು ಬಿಸಿ ಮಾಡಿಡಬೇಡಿ ಎಂದು ಮೊದಲೇ ಫೋನಿನಲ್ಲಿ ಹೇಳಿದ್ದೆ. ತಣ್ಣಗಿರುವ ಎಂಜಿನ್ನೇ ನಿಜ ಹೇಳುವುದು. ಒಂದೇ ಸಲಕ್ಕೆ ಶುರುವಾಯಿತು, ನೀಲಿ ಹೊಗೆ ಬರಲಿಲ್ಲ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಆಯಿಲ್ ಮುಚ್ಚಳ ತೆಗೆದರೆ ಭುಸುಗುಡಲಿಲ್ಲ. ಟೈರಿನ ಮೇಲಿನ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಹುಡುಗಿ ಐದೂ ಟೈರು ಓದಿ ಬರೆದಳು, ಸ್ಟೆಪ್ನಿ ಮಾತ್ರ ಗಾಡಿಯ ಜೊತೆ ಹುಟ್ಟಿದ್ದು. ಮೀಟರಿನ ಅಂಕಿಯನ್ನು ತಿರುಗಿಸಬಹುದು, ಪೆಡಲಿನ ರಬ್ಬರನ್ನು ನೋಡಿದರೆ ತಿಳಿಯುತ್ತದೆ. ಅದರ ಗೆರೆ ಇನ್ನೂ ಅಳಿದಿರಲಿಲ್ಲ. ಅಡಿಯಲ್ಲಿ ಹುಕ್ಕಿನ ಗುರುತೇ ಇಲ್ಲ. ಖಾಲಿ ರಸ್ತೆಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿ, ನಲವತ್ತರಲ್ಲಿ ಮಿಸ್ತ್ರಿ ಬ್ರೇಕನ್ನು ಪೂರ್ತಿ ಒತ್ತಿದ. ಪೆಡಲು ಕಾಲಿನಡಿ ಗಡಗಡ ನಡುಗಿತು, ಗಾಡಿ ನೇರ ನಿಂತಿತು. ಹಿಂದಿನ ಬ್ರೇಕಿನ ಲೈನರು ಸವೆದಿದೆ ಎಂದು ಹೇಳಿ ಅವನೇ ಬೆಲೆಯಲ್ಲಿ ಅಷ್ಟು ಇಳಿಸಿದ.

ಸಣ್ಣ ಎಂಜಿನ್ನಿನ ಚಿಂತೆ ಉಳಿದಿತ್ತಲ್ಲ. ಸಂಜೆ ಅಕ್ಕನ ಮನೆಯ ಹಿತ್ತಲಲ್ಲಿ ಟ್ರಾಲಿಯನ್ನೇ ಪರೀಕ್ಷೆಗೆ ನಿಲ್ಲಿಸಿದೆವು. ಹೋದ ವರ್ಷ ಬಿದ್ದ ದಿನ ಹೇಗೆ ಹೇರಿದ್ದರೋ ಹಾಗೆಯೇ ಹೇರಲು ಹೇಳಿದೆ. ನಡುವೆ ಜನರೇಟರು, ಹಿಂದೆ ಡೀಸೆಲ್ ಬ್ಯಾರಲ್ಲು, ಕೇಬಲ್ಲಿನ ಸುರುಳಿಗಳು. ಮನುಷ್ಯರು ತೂಗುವ ಯಂತ್ರವನ್ನು ಇಟ್ಟಿಗೆಗಳ ಮೇಲೆ ಹುಕ್ಕಿನ ಎತ್ತರಕ್ಕೆ ಏರಿಸಿ (ಖಾನಾಪುರದಲ್ಲಿ ಇಟ್ಟಿಗೆಗೇನು ಬರ!) ಟ್ರಾಲಿಯ ಮೂಗನ್ನು ಅದರ ಮೇಲಿಟ್ಟೆವು. ಮುಳ್ಳು 20 ಕಿಲೋ ತೋರಿಸಿತು. ಮೂಗಿನ ಮೇಲೆ ಒಟ್ಟು ಭಾರದ ಹತ್ತನೆಯ ಒಂದು ಭಾಗವಾದರೂ ಬೀಳಬೇಕು. ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ಬಾಲವೇ ಗಾಡಿಯನ್ನು ಆಡಿಸತೊಡಗುತ್ತದೆ. ಜಾಂಬೋಟಿ ಇಳಿಜಾರಿನ ಕಾರಣ ಆ ಮುಳ್ಳಿನಲ್ಲಿತ್ತು. ಒಂದು ವರ್ಷ ನಾವೆಲ್ಲ ಜೀಪಿನವನನ್ನೇ ಬೈದಿದ್ದೆವು.

ಬ್ಯಾರಲ್ಲನ್ನೂ ಕೇಬಲ್ಲನ್ನೂ ಇಳಿಸಿ ಗಾಡಿಯೊಳಗೆ ಒಯ್ಯುವುದೆಂದು ತೀರ್ಮಾನಿಸಿದೆವು. ಟ್ರಾಲಿ ಹಗುರಾಯಿತು. ಜನರೇಟರನ್ನು ಮುಂದಕ್ಕೆ ಸರಿಸಿದಾಗ ಮುಳ್ಳು 85ಕ್ಕೆ ಬಂದು ನಿಂತಿತು. ಅಕ್ಕನ ಮಗ ಬಹಳ ಹೊತ್ತು ಆ ಯಂತ್ರವನ್ನೇ ನೋಡುತ್ತ ಕುಳಿತಿದ್ದ.

ಟ್ರಾಲಿಗೆ ನೋಂದಣಿಯೇ ಇರಲಿಲ್ಲ. ಕಾಯಿದೆಯ ಕಣ್ಣಿಗೆ ಟ್ರೇಲರೂ ಮೋಟಾರು ವಾಹನವೇ, ಅದಕ್ಕೆ ಅದರದೇ ನಂಬರು ಬೇಕು. ಹಿಂದೆ ಕೆಂಪು ದೀಪ, ಹುಕ್ಕಿಗೆ ಜೊತೆಯಾಗಿ ಎರಡು ಸರಪಳಿ ಬೇಕೆಂದು ಮಿಸ್ತ್ರಿ ಬರೆಸಿದ. ಗಾಡಿಯ ಕಾಗದಕ್ಕೆ ಫಾರ್ಮ್ 29, 30. ಬ್ಯಾಂಕಿನ ಸಾಲ ತೀರಿದ್ದಕ್ಕೆ ಫಾರ್ಮ್ 35. ನಂದಗಡದವರು ಬ್ಯಾಂಕಿನವರಲ್ಲವೇ, ಎಲ್ಲವನ್ನೂ ಫೈಲಿನಲ್ಲಿ ಟ್ಯಾಗು ಹಾಕಿ ಇಟ್ಟಿದ್ದರು.

ಗಾಡಿ ಬಂದು ಈಗ ಮೂರು ವಾರ. ಬೆಳಗ್ಗೆ ಶಾಲೆಯ ಹೊತ್ತಿಗೆ ಟಿಳಕವಾಡಿಯಲ್ಲಿ ಹಾರ್ನು ಕೇಳಿಸಿದರೆ ನಾನು ಗೇಟಿಗೆ ಬರುತ್ತೇನೆ. ಹುಡುಗಿ ಬೆಲ್ಟು ಕಟ್ಟಿ ಮಧ್ಯದ ಸೀಟಿನಲ್ಲಿ ಕುಳಿತಿರುತ್ತಾಳೆ, ಹಿಂದಿನ ಅಡ್ಡ ಸೀಟಿನಲ್ಲಿ ಕೂರುವುದಿಲ್ಲವೆಂಬ ಕರಾರು ಅವಳೇ ಮಾಡಿದ್ದು. ಠೇವಣಿಯ ಹಣವನ್ನು ಎರಡು ಸೀಜನ್ನಿನಲ್ಲಿ ತಿರುಗಿ ತುಂಬುವುದಾಗಿ ಅವಳಪ್ಪ ನೋಟುಬುಕ್ಕಿನ ಕೊನೆಯ ಪುಟದಲ್ಲಿ ಸಹಿ ಹಾಕಿದ್ದಾನೆ. ಟ್ರಾಲಿ ಇನ್ನೂ ಖಾನಾಪುರದ ವೆಲ್ಡಿಂಗ್ ಅಂಗಡಿಯಲ್ಲಿದೆ. ಅದರ ಅಚ್ಚನ್ನು ನಾಲ್ಕು ಇಂಚು ಹಿಂದಕ್ಕೆ ಸರಿಸಬೇಕು. ತುಳಸಿ ಲಗ್ನಕ್ಕೆ ಇನ್ನು ಹನ್ನೊಂದು ದಿನ, ವೆಲ್ಡಿಂಗಿನವನು ನಾಳೆ ನಾಳೆ ಎನ್ನುತ್ತಿದ್ದಾನೆ.